ರೋಗಿಯೂ ದಾನಿಯೇ: ಚಿಕಿತ್ಸಾ ಸಂಶೋಧನೆ ಮತ್ತು ದೂರದ ಊರುಗಳು

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳ ಹೆಸರನ್ನು ನಮ್ಮ ಮನೆಗಳ ಮಕ್ಕಳೂ ಬಾಯಿಪಾಠವಾಗಿ ಬಲ್ಲರು. ಬಸದಿಗಳ ಟ್ರಸ್ಟುಗಳು ನಡೆಸುವ ಅನ್ನಛತ್ರ, ಔಷಧಾಲಯ, ಪಾಠಶಾಲೆಗಳಿಗೆಲ್ಲ ಇದೇ ಮೂಲ. ಈ ನಾಲ್ಕರಲ್ಲಿ ರೋಗಿಯ ಸ್ಥಾನವೇನು ಎಂದು ಕೇಳಿದರೆ ಉತ್ತರಕ್ಕೆ ಯಾರೂ ತಡವರಿಸುವುದಿಲ್ಲ. ರೋಗಿಯು ಪಾತ್ರ, ಅವನು ಪಡೆಯುವವನು, ನಾವು ಕೊಡುವವರು. ಈ ಉತ್ತರ ತಪ್ಪಲ್ಲ, ಆದರೆ ಅಪೂರ್ಣ. ರೋಗಿಯೇ ದಾನಿಯಾಗಿ, ಆರೋಗ್ಯವಂತರಾದ ನಾವೆಲ್ಲರೂ ಪಡೆಯುವವರಾಗುವ ಸಂದರ್ಭವೊಂದಿದೆ. ಅದೇ ಚಿಕಿತ್ಸಾ ಸಂಶೋಧನೆ. ಈ ದಾನದ ವಿಧಿ ಎಂಥದು, ಅದನ್ನು ಸ್ವೀಕರಿಸುವವರ ಹೊಣೆ ಎಂಥದು, ದೊಡ್ಡ ಆಸ್ಪತ್ರೆಗಳಿಂದ ದೂರವಿರುವ ನಮ್ಮ ಉತ್ತರ ಕನ್ನಡದಂತಹ ಪ್ರದೇಶದ ಜನರಿಗೆ ಅದರಲ್ಲಿ ಪಾಲು ಹೇಗೆ ದೊರೆಯಬೇಕು ಎಂಬ ಪ್ರಶ್ನೆಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಇಂದು ನಮ್ಮ ಮನೆಯ ಹಿರಿಯರು ದಿನನಿತ್ಯ ತೆಗೆದುಕೊಳ್ಳುವ ರಕ್ತದೊತ್ತಡದ ಗುಳಿಗೆಯನ್ನೇ ನೋಡೋಣ. ಅದು ಅಂಗಡಿಗೆ ಬರುವ ಮೊದಲು ಎಲ್ಲಿಯೋ, ಎಂದೋ, ಸಾವಿರಾರು ರೋಗಿಗಳು ಅದನ್ನು ಪರೀಕ್ಷೆಗಾಗಿ ಸೇವಿಸಿದ್ದಾರೆ. ಅವರಲ್ಲಿ ಕೆಲವರಿಗೆ ಗುಣ ಕಂಡಿತು, ಕೆಲವರಿಗೆ ಕಾಣಲಿಲ್ಲ, ಮತ್ತೆ ಕೆಲವರಿಗೆ ತೊಂದರೆಯೂ ಆಯಿತು. ಅವರ ಹೆಸರು ನಮಗೆ ತಿಳಿಯದು. ಆದರೂ ಅವರ ದೇಹದಲ್ಲಿ ಕಂಡ ಸತ್ಯವೇ ನಮ್ಮ ವೈದ್ಯರ ಕೈಯಲ್ಲಿರುವ ಜ್ಞಾನವಾಗಿದೆ. ಇದನ್ನು ಔಷಧದಾನವೆನ್ನಬೇಕೆ, ಶಾಸ್ತ್ರದಾನವೆನ್ನಬೇಕೆ? ನನಗೆ ಇದು ಎರಡೂ ಹೌದೆಂದು ತೋರುತ್ತದೆ. ಕೊಟ್ಟದ್ದು ತಿಳಿವಳಿಕೆ, ಅದರಿಂದ ಸಿದ್ಧವಾದದ್ದು ಔಷಧ.

ನಮ್ಮ ಕಾಡಂಚಿನ ಉದಾಹರಣೆ

ದೂರದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಅದೇ ವೇಳೆಗೆ ಕಾಡಿಗೆ ಹೋಗಿಬರುತ್ತಿದ್ದ ಜನರು ತೀವ್ರ ಜ್ವರದಿಂದ ಮಲಗಿದರು. 1952ರಲ್ಲಿ ಪುಣೆಯಲ್ಲಿ ಸ್ಥಾಪನೆಗೊಂಡಿದ್ದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು, ಇದು ಉಣ್ಣೆಗಳ ಮೂಲಕ ಹರಡುವ ಹೊಸ ವೈರಸ್ಸಿನ ರೋಗವೆಂದು ಗುರುತಿಸಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಅದು ಕ್ಯಾಸನೂರು ಅರಣ್ಯ ರೋಗವೆಂದು ದಾಖಲಾಯಿತು. ನಾವು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಹೊನ್ನಾವರ, ಭಟ್ಕಳ, ಕುಮಟಾ, ಸಿದ್ದಾಪುರ ತಾಲ್ಲೂಕುಗಳ ಕಾಡಂಚಿನ ಮನೆಗಳಿಗೆ ಈ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಸೊಪ್ಪು, ದರಕು, ಸೌದೆಗಳಿಗಾಗಿ ಕಾಡನ್ನು ಹೊಗಲೇಬೇಕಾದ ಬಡವರಿಗೆ ಅದು ಡಿಸೆಂಬರಿನಿಂದ ಮುಂಗಾರಿನವರೆಗಿನ ಭಯ.

ಈ ರೋಗಕ್ಕೆ ಪುಣೆಯ ಕೇಂದ್ರವು ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ನಿಷ್ಕ್ರಿಯಗೊಳಿಸಿ, ಲಸಿಕೆಯೊಂದನ್ನು ಸಿದ್ಧಪಡಿಸಿತು. 1990ರಿಂದ 1992ರವರೆಗೆ ಶಿವಮೊಗ್ಗ, ಉತ್ತರ ಕನ್ನಡ ಸೇರಿದಂತೆ ಮೂರು ಜಿಲ್ಲೆಗಳ ಹಳ್ಳಿಗಳಲ್ಲಿ ಅದರ ಕ್ಷೇತ್ರಪರೀಕ್ಷೆ ನಡೆಯಿತು. ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದಾಗ, ಒಂದು ಸಲ ಪಡೆದವರಲ್ಲಿ ಶೇಕಡಾ 79.3, ಎರಡು ಸಲ ಪಡೆದವರಲ್ಲಿ ಶೇಕಡಾ 93.5ರಷ್ಟು ರಕ್ಷಣೆ ಕಂಡುಬಂದಿತೆಂದು ವರದಿಯಾಯಿತು. ಆ ಅಂಕಿಗಳ ಹಿಂದೆ ತೋಳು ಚಾಚಿ ಕೊಟ್ಟವರು ನಮ್ಮ ನೆರೆಹೊರೆಯವರು. ಜಗತ್ತಿನ ಜ್ಞಾನಭಂಡಾರಕ್ಕೆ ಮಲೆನಾಡಿನ, ಕರಾವಳಿಯ ಬಡ ಜನರು ಸಲ್ಲಿಸಿದ ದಾನವದು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 2005ರಿಂದ 2010ರ ಅವಧಿಯ ಲೆಕ್ಕವನ್ನು ಆಮೇಲೆ ಪರಿಶೀಲಿಸಿದಾಗ, ಎರಡು ಸಲ ಲಸಿಕೆ ಪಡೆದವರ ರಕ್ಷಣೆ ಶೇಕಡಾ 62.4ಕ್ಕೆ ಇಳಿದಿತ್ತು, ಮೇಲೊಂದು ಸಲ ಹಾಕಿಸಿಕೊಂಡವರಲ್ಲಿ ಮಾತ್ರ ಅದು ಶೇಕಡಾ 82.9ರಷ್ಟಿತ್ತು. 2018ರ ಕೊನೆಯಿಂದ 2019ರವರೆಗೆ ಜೋಗಕ್ಕೆ ಸಮೀಪದ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯಲ್ಲಿ ರೋಗ ಉಲ್ಬಣಿಸಿ ಹಲವರು ಅಸುನೀಗಿದರು. ಕೊನೆಗೆ, ಸಾಕಷ್ಟು ಸತ್ತ್ವವಿಲ್ಲವೆಂಬ ಕಾರಣದಿಂದ 2022ರಲ್ಲಿ ಈ ಲಸಿಕೆಯನ್ನು ನಿಲ್ಲಿಸಲಾಯಿತು. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ರೋಗ ಮತ್ತೆ ಹರಡಿದಾಗ ಜನರ ಕೈಯಲ್ಲಿ ಲಸಿಕೆ ಇರಲಿಲ್ಲ. ಹೊಸ ಲಸಿಕೆಯೊಂದನ್ನು ರೂಪಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಕೈಗೆತ್ತಿಕೊಂಡಿದೆ. ಈ ರೋಗವನ್ನೇ ಗುರಿಯಾಗಿಟ್ಟುಕೊಂಡ ಔಷಧವಂತೂ ಇಲ್ಲ. ಇರುವುದು ಜ್ವರ, ರಕ್ತಸ್ರಾವ, ನಿರ್ಜಲತೆಗಳನ್ನು ನೋಡಿಕೊಳ್ಳುವ ಆಧಾರಚಿಕಿತ್ಸೆ ಮಾತ್ರ.

ಇಲ್ಲಿ ವಿಚಾರಾರ್ಹವಾದ ಮಾತೊಂದಿದೆ. ರೋಗವು ಗುರುತಿಸಲ್ಪಟ್ಟು ಆರು ದಶಕಗಳು ಕಳೆದುಹೋಗಿವೆ. ಇಷ್ಟಾದರೂ ಔಷಧವೇಕೆ ದೊರೆತಿಲ್ಲ? ವಿಜ್ಞಾನಿಗಳಿಗೆ ಬುದ್ಧಿಯಿಲ್ಲವೆಂದಲ್ಲ. ವ್ಯಾಪಾರಿಯಾದ ನನಗೆ ಎರಡು ಕಾರಣಗಳು ಲೆಕ್ಕದ ಪುಸ್ತಕದಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಮೊದಲನೆಯದು, ಕಾಡಂಚಿನ ಬಡವರ ರೋಗಕ್ಕೆ ಔಷಧ ಮಾಡಿ ಲಾಭ ಪಡೆಯುವ ಆಸೆ ಯಾವ ಕಂಪನಿಗೂ ಇಲ್ಲ. ಎರಡನೆಯದು ಸಂಖ್ಯೆಯ ತೊಡಕು. ವರ್ಷಕ್ಕೆ ಕೆಲವು ನೂರು ಜನರನ್ನು ಬಾಧಿಸುವ ಈ ರೋಗವು ಈಗ ಕರ್ನಾಟಕದಿಂದಾಚೆಗೂ, ಕೇರಳದ ವಯನಾಡು, ತಮಿಳುನಾಡಿನ ನೀಲಗಿರಿ, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿಕೊಂಡಿದೆ. ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವವರು ಎರಡೋ ಮೂರೋ ರೋಗಿಗಳು. ಮೂರು ಜನರಿಂದ ಯಾವ ವೈದ್ಯನೂ ಒಂದು ಔಷಧದ ಗುಣದೋಷವನ್ನು ತೂಗಲಾರನು. ಮೂರರಲ್ಲಿ ಇಬ್ಬರು ಬದುಕಿದರೆ ಅದು ಔಷಧದ ಗುಣವೋ, ಅವರ ಆಯುಷ್ಯದ ಬಲವೋ ಹೇಳುವವರಾರು?

ಜಾಲದ ಅಗತ್ಯ

ಈ ತೊಡಕಿಗೆ ಪರಿಹಾರ ನಮ್ಮ ಊರಿನ ಇತಿಹಾಸದಲ್ಲಿಯೇ ಇದೆ. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯ ಜೈನರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದರು. ಘಟ್ಟದ ಒಂದೊಂದು ತೋಟದ ಮೆಣಸು ಹಡಗು ತುಂಬುವಷ್ಟಿರಲಿಲ್ಲ. ನೂರಾರು ತೋಟಗಳ ಮೆಣಸು ಘಟ್ಟವಿಳಿದು, ಅಘನಾಶಿನಿಯ ದಂಡೆಯ ಮಿರ್ಜಾನದಂತಹ ಬಂದರುಗಳಲ್ಲಿ ಕೂಡಿದಾಗ ಅದು ಸಮುದ್ರದಾಚೆಯ ಸರಕಾಯಿತು. ಕೂಡಿಸುವುದಕ್ಕೆ ಬೇಕಾದದ್ದು ಮೂರು: ದಾರಿ, ವಿಶ್ವಾಸ, ಒಂದೇ ಅಳತೆ. ಸೇರು ಊರಿಗೊಂದು ಬಗೆಯಾದರೆ ರಾಶಿಗೆ ಬೆಲೆ ಕಟ್ಟಲಾಗದು.

ಚಿಕಿತ್ಸಾ ಸಂಶೋಧನೆಯ ಪ್ರಾದೇಶಿಕ ಜಾಲವೆಂದರೂ ಇದೇ. ತಾಲ್ಲೂಕು ಆಸ್ಪತ್ರೆಗಳು, ಜಿಲ್ಲೆಯ ವೈದ್ಯಕೀಯ ಕಾಲೇಜು, ದೂರದ ದೊಡ್ಡ ಸಂಸ್ಥೆಗಳು ಒಂದೇ ಪ್ರಶ್ನೆಯನ್ನು, ಒಂದೇ ಕ್ರಮದಲ್ಲಿ, ಒಂದೇ ಅಳತೆಯಿಂದ ಪರೀಕ್ಷಿಸಿ, ಕಂಡದ್ದನ್ನು ಒಂದೆಡೆ ಕೂಡಿಸುವುದು. ರೋಗಿಯು ಮನೆಯ ಸಮೀಪದಲ್ಲಿಯೇ ಇರುತ್ತಾನೆ. ಪ್ರಯಾಣ ಮಾಡುವುದು ಕಾಗದಪತ್ರ, ರಕ್ತದ ಮಾದರಿ ಮತ್ತು ತಜ್ಞರ ಸಲಹೆ.

ಇದು ಬರಿಯ ಕಲ್ಪನೆಯಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ನಡುವೆ ಇಂಗ್ಲೆಂಡಿನಲ್ಲಿ ‘ರಿಕವರಿ’ ಎಂಬ ಪರೀಕ್ಷೆ ಆರಂಭವಾಯಿತು. ಅದು ನಾಲ್ಕಾರು ಪ್ರಸಿದ್ಧ ಆಸ್ಪತ್ರೆಗಳಿಗೆ ಸೀಮಿತವಾಗದೆ, ಸರಕಾರಿ ಆರೋಗ್ಯ ವ್ಯವಸ್ಥೆಯ 170ಕ್ಕೂ ಹೆಚ್ಚು ಸಾಮಾನ್ಯ ಆಸ್ಪತ್ರೆಗಳನ್ನು ಒಳಗೊಂಡಿತು. ಅದೇ ಜೂನ್ ತಿಂಗಳಲ್ಲಿ ಉತ್ತರ ಹೊರಬಿದ್ದಿತು: ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಔಷಧವು ಉಸಿರಾಟದ ಯಂತ್ರದ ಆಶ್ರಯದಲ್ಲಿದ್ದ ರೋಗಿಗಳ ಸಾವನ್ನು ಮೂರನೆಯ ಒಂದರಷ್ಟು ತಗ್ಗಿಸುತ್ತದೆ. ಆ ತಿಳಿವಳಿಕೆಯ ಫಲವನ್ನು ನಮ್ಮ ದೇಶದ ರೋಗಿಗಳೂ ಉಂಡರು. ಅದೇ ಕಾಲದಲ್ಲಿ ಜಗತ್ತಿನಾದ್ಯಂತ ನಡೆದ ಅನೇಕ ಸಣ್ಣ ಸಣ್ಣ ಪರೀಕ್ಷೆಗಳು, ರೋಗಿಗಳ ಸಂಖ್ಯೆ ಸಾಲದೆ, ಏನನ್ನೂ ನಿಶ್ಚಯಿಸಲಾರದೆ ಹೋದವು. ಕೂಡಿ ಕೇಳಿದ ಪ್ರಶ್ನೆಗೆ ಉತ್ತರ ಬಂದಿತು, ಬಿಡಿಬಿಡಿಯಾಗಿ ಕೇಳಿದ್ದಕ್ಕೆ ಬರಲಿಲ್ಲ.

ನಮ್ಮ ದೇಶದಲ್ಲಿಯೂ ಇಂತಹ ಪ್ರಯತ್ನವಿದೆ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ಮುಂದಾಳುತನದಲ್ಲಿ 2012ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಇಂದು ದೇಶದ 300ಕ್ಕೂ ಹೆಚ್ಚು ಸಂಸ್ಥೆಗಳನ್ನು ಹೆಣೆದಿದೆ. ಚಿಕಿತ್ಸೆಗೆ ಸಮಾನ ಮಾರ್ಗದರ್ಶನ, ಕಠಿಣ ಪ್ರಕರಣಗಳ ಕುರಿತು ದೂರದಿಂದಲೇ ತಜ್ಞರ ಸಮಾಲೋಚನೆ, ಔಷಧಗಳನ್ನು ಒಟ್ಟಾಗಿ ಕೊಂಡು ಬೆಲೆ ಇಳಿಸುವುದು, ಸಹಕಾರದಿಂದ ಸಂಶೋಧನೆ ನಡೆಸುವುದು ಅದರ ಕೆಲಸಗಳು. ಟಾಟಾ ಕೇಂದ್ರದ ನೇತೃತ್ವದಲ್ಲಿ ಭಾರತದ 11 ಆಸ್ಪತ್ರೆಗಳಲ್ಲಿ ನಡೆದ ಒಂದು ಪರೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಸ್ತನದ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೆ ಕೆಲವು ನಿಮಿಷ ಮೊದಲು ಗಡ್ಡೆಯ ಸುತ್ತ ಲಿಡೋಕೇನ್ ಚುಚ್ಚಿದರೆ ಏನಾಗುತ್ತದೆ ಎಂಬುದು ಪ್ರಶ್ನೆ. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುವ ಔಷಧವೇ ಇದು. ಸುಮಾರು 1,600 ಮಹಿಳೆಯರು ಇದರಲ್ಲಿ ಪಾಲ್ಗೊಂಡರು. ಐದು ವರ್ಷಗಳ ನಂತರ, ಚುಚ್ಚುಮದ್ದು ಪಡೆಯದವರಲ್ಲಿ ಶೇಕಡಾ 86.4 ಮಂದಿ, ಪಡೆದವರಲ್ಲಿ ಶೇಕಡಾ 90.1 ಮಂದಿ ಬದುಕಿದ್ದರು.

ಈ ಅಂತರ ಸಣ್ಣದೆಂದು ತೋರಬಹುದು. ನೂರು ಮನೆಗಳಲ್ಲಿ ಮೂರು ನಾಲ್ಕು ಮನೆಗಳಿಗೆ ತಾಯಿ ಉಳಿದಳೆಂದು ಓದಿಕೊಂಡರೆ ಅದರ ತೂಕ ತಿಳಿಯುತ್ತದೆ. ವ್ಯಾಪಾರಿಯ ಕಣ್ಣಿಗೆ ಇಲ್ಲಿ ಮತ್ತೊಂದು ಸಂಗತಿ ಕಾಣುತ್ತದೆ. ಲಿಡೋಕೇನ್ ಅತ್ಯಲ್ಪ ಬೆಲೆಯ ಹಳೆಯ ಸರಕು. ಅದರ ಹೊಸ ಗುಣವನ್ನು ಪರೀಕ್ಷಿಸಲು ಹಣ ಹೂಡಿ ಲಾಭ ಪಡೆಯುವವರಾರೂ ಇಲ್ಲ. ಪೇಟೆಯು ತನಗೆ ಬೆಲೆ ಬರುವ ಪ್ರಶ್ನೆಯನ್ನು ಮಾತ್ರ ಕೇಳುತ್ತದೆ. ಇದು ಪೇಟೆಯ ದೋಷವಲ್ಲ, ಅದರ ಸ್ವಭಾವ. ಬಡವನಿಗೆ ಬೇಕಾದ ಅಗ್ಗದ ಉತ್ತರವನ್ನು ಹುಡುಕುವ ಕೆಲಸ ಸರಕಾರದ್ದು, ಸಮಾಜದ್ದು. ಅಂದರೆ ದಾನದ ಕ್ಷೇತ್ರದ್ದು.

ಇನ್ನು ನಮ್ಮ ಜಿಲ್ಲೆಯ ಸ್ಥಿತಿಯನ್ನು ನೋಡೋಣ. ಮಿರ್ಜಾನದಿಂದ ಕಾರವಾರ ಸುಮಾರು 60 ಕಿಲೋಮೀಟರ್, ಮಣಿಪಾಲ ಸುಮಾರು 150 ಕಿಲೋಮೀಟರ್. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು 2016ರಲ್ಲಿ ಆರಂಭವಾಯಿತು. ಆದರೂ ಹೃದಯ, ಮೆದುಳು, ಕ್ಯಾನ್ಸರುಗಳ ಕಠಿಣ ಚಿಕಿತ್ಸೆಗಾಗಿ ಜನರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾಗಳ ದಾರಿ ಹಿಡಿಯುತ್ತಾರೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಧಾವಿಸುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಬಳಿ ಉರುಳಿ ನಾಲ್ವರು ಸತ್ತರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಮತ್ತೊಮ್ಮೆ ಎದ್ದಿತು. ಚಿಕಿತ್ಸೆಗೇ ಇಷ್ಟು ದೂರ ಹೋಗಬೇಕಾದವರಿಗೆ ಸಂಶೋಧನೆಯ ಮಾತು ಯಾವ ಕೆಲಸಕ್ಕೆ ಎಂದು ಕೆಲವರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದುದು. ನನ್ನ ಉತ್ತರವಿಷ್ಟೇ. ಸಂಶೋಧನೆಗೆ ಬೇಕಾದ ಶಿಸ್ತು, ಅಂದರೆ ರೋಗಿಯ ದಾಖಲೆಯನ್ನು ಸರಿಯಾಗಿಡುವುದು, ಮರಳಿ ಕರೆದು ನೋಡುವುದು, ಔಷಧದ ದುಷ್ಪರಿಣಾಮವನ್ನು ಬರೆದಿಡುವುದು, ತಜ್ಞರೊಡನೆ ಸಂಪರ್ಕ ಉಳಿಸಿಕೊಳ್ಳುವುದು, ಇವೆಲ್ಲ ಒಳ್ಳೆಯ ಚಿಕಿತ್ಸೆಗೂ ಬೇಕಾದದ್ದೇ. ಇದಲ್ಲದೆ, ನಮ್ಮ ಜನರು ಪರೀಕ್ಷೆಗಳಲ್ಲಿ ಇಲ್ಲದಿದ್ದರೆ ನಮ್ಮ ರೋಗಗಳ ಪ್ರಶ್ನೆಗಳನ್ನು ಕೇಳುವವರೂ ಇರುವುದಿಲ್ಲ. ಮಂಗನ ಕಾಯಿಲೆಯ ಇತಿಹಾಸ ಹೇಳುವುದು ಅದನ್ನೇ.

ಎರಡು ಬಗೆಯ ದೋಷ

ಇಲ್ಲಿಯವರೆಗೆ ಜಾಲದ ಉಪಯೋಗವನ್ನು ಹೇಳಿದೆನು. ಆದರೆ ಉಪಯೋಗವುಳ್ಳದ್ದೆಲ್ಲ ಧರ್ಮ್ಯವಾಗುವುದಿಲ್ಲ. ದಾನದ ವಿಶೇಷವು ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ನಿರ್ಣಯವಾಗುತ್ತದೆಂದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ರೋಗಿಯು ದಾನಿಯೆಂದು ಒಪ್ಪಿದ ಮೇಲೆ, ಆ ದಾನಿಯು ತಿಳಿದು ಕೊಟ್ಟನೇ, ಮನಸ್ಸಿನಿಂದ ಕೊಟ್ಟನೇ ಎಂದು ಕೇಳಲೇಬೇಕು. ಕೊಡದೆ ಇದ್ದದ್ದನ್ನು ತೆಗೆದುಕೊಳ್ಳುವುದಕ್ಕೆ ನಮ್ಮಲ್ಲಿ ಇರುವ ಹೆಸರು ಅದತ್ತಾದಾನ, ಎಂದರೆ ಕಳವು. ಒಪ್ಪಿಗೆಯಿಲ್ಲದೆ ರೋಗಿಯ ದೇಹದಿಂದ ಜ್ಞಾನವನ್ನು ಪಡೆದರೆ, ಉದ್ದೇಶ ಎಷ್ಟೇ ದೊಡ್ಡದಿರಲಿ, ಅದು ಅಚೌರ್ಯವ್ರತದ ಭಂಗವೇ.

ಇಂತಹ ಭಂಗಗಳ ಪಟ್ಟಿ ಸಣ್ಣದಲ್ಲ. ಅಮೆರಿಕದ ಟಸ್ಕೆಗಿಯಲ್ಲಿ 1932ರಿಂದ 1972ರವರೆಗೆ ಬಡ ಕಪ್ಪು ಜನರ ಉಪದಂಶ ರೋಗವನ್ನು ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತ ಕುಳಿತರು. ಪೆನಿಸಿಲಿನ್ ಬಂದ ಮೇಲೆಯೂ ಕೊಡಲಿಲ್ಲ. ನಮ್ಮ ದೇಶದಲ್ಲಿ 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ಹೆಣ್ಣುಮಕ್ಕಳಿಗೆ ಹಾಕುವ ಅಧ್ಯಯನ ನಡೆಯಿತು. ಏಳು ಹುಡುಗಿಯರ ಸಾವಿನ ಸುದ್ದಿ ಬಂದ ಮೇಲೆ 2010ರಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಸಾವುಗಳಿಗೆ ಲಸಿಕೆ ಕಾರಣವೆಂದು ವಿಚಾರಣೆಯಲ್ಲಿ ಕಂಡುಬರಲಿಲ್ಲ. ಆದರೆ ಅನೇಕ ಮಕ್ಕಳ ಒಪ್ಪಿಗೆಪತ್ರಗಳಿಗೆ ತಂದೆತಾಯಿಗಳ ಬದಲು ವಸತಿನಿಲಯದ ಮೇಲ್ವಿಚಾರಕರು, ಮುಖ್ಯೋಪಾಧ್ಯಾಯರು ಸಹಿ ಹಾಕಿದ್ದರೆಂಬುದು ಹೊರಬಿದ್ದಿತು. 2013ರಲ್ಲಿ ಸಂಸದೀಯ ಸಮಿತಿಯು ಇದನ್ನು ಕಟುವಾಗಿ ಟೀಕಿಸಿತು. ಲಸಿಕೆ ಒಳ್ಳೆಯದೇ ಆಗಿರಬಹುದು. ಪಡೆದ ವಿಧಿ ಅಶುದ್ಧವಾದ್ದರಿಂದ ಒಳ್ಳೆಯ ಲಸಿಕೆಯ ಮೇಲೆಯೂ ಜನರಿಗೆ ಸಂಶಯ ಹುಟ್ಟಿ, ಅದರ ನಷ್ಟವನ್ನು ಎಷ್ಟೋ ಹೆಣ್ಣುಮಕ್ಕಳು ಅನುಭವಿಸಬೇಕಾಯಿತು.

ಅಚೌರ್ಯವ್ರತದ ಅತಿಚಾರಗಳಲ್ಲಿ ವ್ಯಾಪಾರಿಗಳಾದ ನಾವು ದಿನವೂ ನೆನೆಯಬೇಕಾದದ್ದು ಹೀನಾಧಿಕ ಮಾನೋನ್ಮಾನ, ಎಂದರೆ ಕೊಳ್ಳುವಾಗ ಒಂದು ತೂಕ, ಮಾರುವಾಗ ಇನ್ನೊಂದು ತೂಕ. ಸಂಶೋಧನೆಯಲ್ಲಿಯೂ ಈ ಅತಿಚಾರವಿದೆ. ಅನುಕೂಲವಾದ ಫಲಿತಾಂಶವನ್ನು ಪ್ರಕಟಿಸಿ, ಪ್ರತಿಕೂಲವಾದದ್ದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವುದು ಸುಳ್ಳು ತೂಕವಲ್ಲದೆ ಮತ್ತೇನು? ಇದನ್ನು ತಡೆಯಲೆಂದೇ 2007ರಲ್ಲಿ ಭಾರತದ ಚಿಕಿತ್ಸಾ ಪರೀಕ್ಷೆಗಳ ನೋಂದಣಿ ಪುಸ್ತಕ ಆರಂಭವಾಯಿತು. 2009ರ ಜೂನ್‌ನಿಂದ ಔಷಧ ಪರೀಕ್ಷೆಗಳನ್ನು ಮೊದಲೇ ಅದರಲ್ಲಿ ದಾಖಲಿಸುವುದು ಕಡ್ಡಾಯವಾಯಿತು. ಅದನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. 2019ರ ಹೊಸ ನಿಯಮಗಳು ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರವನ್ನು ವಿಧಿಸಿವೆ.

ಇದು ಒಂದು ಬಗೆಯ ದೋಷ. ಇದಕ್ಕೆ ಹೆದರಿ ಕೆಲವರು ಹೇಳುವುದುಂಟು: ಹಳ್ಳಿಯ ಬಡವರನ್ನು ಸಂಶೋಧನೆಯಿಂದ ದೂರವಿಡುವುದೇ ಕ್ಷೇಮ. ಈ ಮಾತಿನಲ್ಲಿ ಕರುಣೆಯಿದೆ, ಆದರೆ ಅದರೊಳಗೆ ಎರಡನೆಯ ದೋಷ ಅಡಗಿದೆ. ಮತ್ತೊಬ್ಬರ ದಾನಕ್ಕೂ ಲಾಭಕ್ಕೂ ಅಡ್ಡಿ ಮಾಡುವುದು ಅಂತರಾಯಕರ್ಮದ ಬಂಧಕ್ಕೆ ಕಾರಣವೆಂದು ನಾವು ಓದುತ್ತೇವೆ. ಹಳ್ಳಿಯವನಿಗೆ ತಿಳಿಯುವುದಿಲ್ಲ, ಆದ್ದರಿಂದ ಕೇಳುವುದೇ ಬೇಡ ಎಂಬ ತೀರ್ಮಾನ ಅವನ ಪರವಾಗಿ ತೋರಿದರೂ ಅವನ ಮಾನವನ್ನು ಕಳೆಯುತ್ತದೆ. ಕೇಳದೆ ತೆಗೆದುಕೊಳ್ಳುವವನೂ, ಕೇಳದೆ ಬಿಟ್ಟುಬಿಡುವವನೂ ಒಂದೇ ತಪ್ಪಿನ ಎರಡು ಮುಖಗಳು. ಇಬ್ಬರೂ ಎದುರಿನವನಿಗೆ ಸ್ವಂತ ಮನಸ್ಸಿದೆಯೆಂಬುದನ್ನು ಮರೆತಿದ್ದಾರೆ.

ಹಾಗಾದರೆ ಕೇಳುವ ವಿಧಿ ಎಂಥದು? ಮೊದಲು, ಇದು ಚಿಕಿತ್ಸೆಯಷ್ಟೇ ಅಲ್ಲ, ಪರೀಕ್ಷೆ ಎಂಬುದನ್ನು ಬಿಚ್ಚಿ ಹೇಳಬೇಕು. ಯಾವ ಔಷಧ ಮೇಲೆಂದು ವೈದ್ಯರಿಗೇ ಇನ್ನೂ ತಿಳಿಯದು. ಅದಕ್ಕಾಗಿಯೇ ಚೀಟಿ ಎತ್ತಿದಂತೆ ಕೆಲವರಿಗೆ ಇದು, ಕೆಲವರಿಗೆ ಅದು ಎಂದು ಹಂಚುತ್ತಾರೆ. ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಳ್ಳುವ ಈ ಪ್ರಾಮಾಣಿಕತೆ ಅನೇಕಾಂತವನ್ನು ನಂಬುವವರಿಗೆ ಅಪರಿಚಿತವಾಗಬಾರದು. ಎರಡನೆಯದಾಗಿ, ರೋಗಿಯ ನುಡಿಯಲ್ಲಿ ಹೇಳಬೇಕು. ನಮ್ಮ ಮೂರು ತಾಲ್ಲೂಕುಗಳಲ್ಲಿಯೇ ಕನ್ನಡ, ಕೊಂಕಣಿ, ನವಾಯತಿ, ಉರ್ದು ಇವೆ. ಹಾಲಕ್ಕಿ ಒಕ್ಕಲಿಗರ ಮಾತಿನ ಜಾಡೇ ಬೇರೆ. ಬೆಂಗಳೂರಿನಲ್ಲಿ ಅಚ್ಚಾದ ಹತ್ತು ಪುಟದ ಕನ್ನಡ ಪತ್ರದ ಕೆಳಗೆ ಹೆಬ್ಬೆಟ್ಟು ಒತ್ತಿಸಿದರೆ ಒಪ್ಪಿಗೆ ದೊರೆತಂತಲ್ಲ. ಮೂರನೆಯದಾಗಿ, ಬೇಡವೆನ್ನುವ, ನಡುವೆ ಬಿಟ್ಟುಹೋಗುವ ಸ್ವಾತಂತ್ರ್ಯ ನಿಜವಾಗಿರಬೇಕು. ಬೇಡವೆಂದವನಿಗೂ ಎಂದಿನ ಚಿಕಿತ್ಸೆ ಕೊರತೆಯಿಲ್ಲದೆ ಸಿಗಬೇಕು. ಈ ನಿರ್ಭಯತೆಯೇ ಇಲ್ಲಿಯ ಅಭಯದಾನ. ನಾಲ್ಕನೆಯದಾಗಿ, ಪರೀಕ್ಷೆ ಮುಗಿದ ಮೇಲೆ ಕಂಡದ್ದೇನೆಂದು ಕೊಟ್ಟವರಿಗೆ ಮರಳಿ ಬಂದು ತಿಳಿಸಬೇಕು. ರಕ್ತ ಕೊಟ್ಟ ಹಳ್ಳಿಗೆ ಅದರಿಂದ ಏನು ತಿಳಿಯಿತೆಂದು ಹೇಳದಿರುವುದು ಕೃತಘ್ನತೆ.

ಅಹಿಂಸೆಯ ಪ್ರಶ್ನೆ

ನಮ್ಮ ಸಮಾಜದ ವಾಚಕರ ಮನಸ್ಸಿನಲ್ಲಿ ಈಗಾಗಲೇ ಏಳುತ್ತಿರುವ ಪ್ರಶ್ನೆಯನ್ನು ಮರೆಮಾಚಲಾಗದು. ಮನುಷ್ಯರ ಮೇಲೆ ಪರೀಕ್ಷಿಸುವ ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸುತ್ತಾರಲ್ಲ, ಇದರಲ್ಲಿ ಜೈನನು ಪಾಲ್ಗೊಳ್ಳಬಹುದೇ? ಸುಲಭದ ಉತ್ತರ ನನ್ನಲ್ಲಿಲ್ಲ. ಆದರೆ ನಮ್ಮ ಪೂರ್ವಜರು ತೋರಿದ ದಾರಿಯೊಂದಿದೆ. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿ, ಮದ್ಯ, ಮಾಂಸ, ಮಧುಗಳಿಲ್ಲದೆ ಚಿಕಿತ್ಸೆಯನ್ನು ನಿರೂಪಿಸಿದರು, ರಾಷ್ಟ್ರಕೂಟ ನೃಪತುಂಗನ ಸಭೆಯಲ್ಲಿ ಮಾಂಸದ ನಿರರ್ಥಕತೆಯನ್ನು ಪ್ರತಿಪಾದಿಸಿದರು. ಕನ್ನಡದಲ್ಲಿ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನೂ, ಮಂಗರಾಜನು ವಿಷವೈದ್ಯದ ‘ಖಗೇಂದ್ರಮಣಿದರ್ಪಣ’ವನ್ನೂ ಬರೆದರು. ಹಿಂಸೆಯಿದೆಯೆಂದು ಅವರು ವೈದ್ಯವನ್ನೇ ತೊರೆಯಲಿಲ್ಲ. ವೈದ್ಯಕ್ಕಾಗಿ ಹಿಂಸೆಯನ್ನು ಒಪ್ಪಿಕೊಳ್ಳಲೂ ಇಲ್ಲ. ವೈದ್ಯದೊಳಗೇ ಕುಳಿತು, ಹಿಂಸೆ ಕಡಿಮೆಯಾಗುವ ದಾರಿಯನ್ನು ಹುಡುಕಿದರು.

ಇಂದು ಆ ಹುಡುಕಾಟಕ್ಕೆ ವಿಜ್ಞಾನವೇ ಜೊತೆಗೂಡುತ್ತಿದೆ. 2023ರಲ್ಲಿ ನಮ್ಮ ಸರಕಾರವು ಔಷಧ ಪರೀಕ್ಷೆಯ ನಿಯಮಗಳನ್ನು ತಿದ್ದಿ, ಪ್ರಾಣಿಗಳ ಬದಲು ಮಾನವ ಜೀವಕೋಶಗಳ ಮೇಲೆ, ಗಣಕದ ಸಹಾಯದಿಂದ ನಡೆಸುವ ಪರೀಕ್ಷಾ ವಿಧಾನಗಳಿಗೂ ಮನ್ನಣೆ ನೀಡಿತು. ಈ ವಿಧಾನಗಳು ಇನ್ನೂ ಎಲ್ಲ ಪ್ರಶ್ನೆಗಳಿಗೂ ಸಾಲವು. ಅವು ಸಾಲುವಂತೆ ಮಾಡಲು ಹಣ, ಒತ್ತಾಯ ಎರಡೂ ಬೇಕು. ಹೊರಗೆ ನಿಂತು ಖಂಡಿಸುವವನ ಮಾತಿಗಿಂತ, ಒಳಗೆ ಕುಳಿತು ‘ಈ ಪ್ರಾಣಿಪರೀಕ್ಷೆ ನಿಜಕ್ಕೂ ಅಗತ್ಯವೇ?’ ಎಂದು ಪ್ರತಿಸಲವೂ ಕೇಳುವವನ ಮಾತಿಗೆ ಫಲ ಹೆಚ್ಚು.

ಟ್ರಸ್ಟುಗಳು ಮಾಡಬಹುದಾದದ್ದು

ಒಳಗೆ ಕೂರಲು ಸ್ಥಳವೂ ಇದೆ. 2019ರ ನಿಯಮಗಳ ಪ್ರಕಾರ ಪ್ರತಿ ಪರೀಕ್ಷೆಗೂ ನೈತಿಕ ಸಮಿತಿಯ ಅನುಮತಿ ಬೇಕು. ಆ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು. ವೈದ್ಯರಲ್ಲದ ಒಬ್ಬ ಸಾಮಾನ್ಯ ನಾಗರಿಕನು ಅವರಲ್ಲಿರಬೇಕು. ಒಪ್ಪಿಗೆಪತ್ರವನ್ನು ರೋಗಿಯ ಕಣ್ಣಿನಿಂದ ಓದುವುದೇ ಅವನ ಕೆಲಸ. ನಿವೃತ್ತ ಶಿಕ್ಷಕರು, ವಕೀಲರು, ವ್ಯಾಪಾರಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕಟ್ಟಡಕ್ಕೆ ಕೊಟ್ಟ ಹಣದಷ್ಟೇ, ಅಂತಹ ಸಮಿತಿಗೆ ಕೊಟ್ಟ ದಿನಗಳೂ ದಾನವೇ.

ಎರಡನೆಯದು ಪ್ರಯಾಣ ಮತ್ತು ವಸತಿ. ದೂರದ ರೋಗಿಯು ಪರೀಕ್ಷೆಯನ್ನು ನಡುವೆ ಬಿಟ್ಟುಬಿಡುವುದಕ್ಕೆ ಬಸ್ಸಿನ ದುಡ್ಡು, ತಪ್ಪಿದ ಕೂಲಿ, ಜೊತೆಗೆ ಬರುವವರಿಲ್ಲದಿರುವುದು ಸಾಕು. ಮಣಿಪಾಲ, ಹುಬ್ಬಳ್ಳಿ, ಮುಂಬಯಿಗಳಲ್ಲಿ ಕೋಣೆಯೊಂದನ್ನು, ಊರಿನಲ್ಲಿ ಜೊತೆಗಾರನೊಬ್ಬನನ್ನು ಒದಗಿಸುವುದು ಟ್ರಸ್ಟುಗಳಿಗೆ ಅಸಾಧ್ಯವಲ್ಲ.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಈ ಸಹಾಯವು ಪರೀಕ್ಷೆಗೆ ಸೇರಿದವನಿಗೂ ಸೇರದವನಿಗೂ ಸಮಾನವಾಗಿರಬೇಕು. ಸೇರಿದವನಿಗೆ ಮಾತ್ರ ಕೋಣೆಯೆಂದರೆ, ಆ ಕೋಣೆಯೇ ಬಲವಂತದ ಹಗ್ಗವಾಗುತ್ತದೆ. ಅದೇ ರೀತಿ, ಬಸದಿಯ ಅಂಗಳದಲ್ಲಿ ನಿಂತು ಧರ್ಮದರ್ಶಿಗಳು ‘ನೀವೆಲ್ಲ ಈ ಪರೀಕ್ಷೆಗೆ ಸೇರಿರಿ’ ಎಂದು ಹೇಳಬಾರದು. ನಮ್ಮ ಮೇಲಿನ ಗೌರವದಿಂದ ಇಲ್ಲವೆನ್ನಲಾರದೆ ಹೌದೆಂದವರ ಒಪ್ಪಿಗೆ ಒಪ್ಪಿಗೆಯಲ್ಲ. ಔಷಧ ಕಂಪನಿಗಳಿಂದ ಇದಕ್ಕಾಗಿ ದೇಣಿಗೆ ಪಡೆಯುವುದಂತೂ ಸಲ್ಲದು. ನಮ್ಮ ಕೆಲಸ ದಾರಿಯನ್ನು ಸುಗಮಗೊಳಿಸುವುದು. ಆ ದಾರಿಯಲ್ಲಿ ಯಾರನ್ನೂ ತಳ್ಳುವುದಲ್ಲ.

ಮೂರನೆಯದು, ಪೇಟೆಯು ಕೇಳದ ಪ್ರಶ್ನೆಗಳಿಗೆ ಆಸರೆ. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ರೋಗಿಗಳ ದಾಖಲೆಯಿಡುವ, ಮನೆಗೆ ಹೋಗಿ ವಿಚಾರಿಸಿ ಬರುವ, ಊರ ಮಾತು ಬಲ್ಲ ಒಬ್ಬ ಸಹಾಯಕಿಯ ಸಂಬಳವು ಒಂದು ಅಮೃತಶಿಲೆಯ ನೆಲಹಾಸಿಗಿಂತ ಹೆಚ್ಚಿನದಲ್ಲ. ಅಂತಹವರು ಹೊನ್ನಾವರ, ಭಟ್ಕಳ, ಕುಮಟಾ, ಸಿದ್ದಾಪುರಗಳಲ್ಲಿ ಒಬ್ಬೊಬ್ಬರಿದ್ದು, ಕಾರವಾರ, ಶಿವಮೊಗ್ಗ, ಮಣಿಪಾಲಗಳೊಡನೆ ಸಂಪರ್ಕವಿದ್ದರೆ, ಮುಂದಿನ ಸಲ ಮಂಗನ ಕಾಯಿಲೆಯ ಲಸಿಕೆಯನ್ನೋ ಔಷಧವನ್ನೋ ಪರೀಕ್ಷಿಸುವ ದಿನ ಬಂದಾಗ ನಮ್ಮ ಜನರು ಅಪರಿಚಿತರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗುವುದಿಲ್ಲ. ತಮಗೆ ಪರಿಚಿತಳಾದವಳನ್ನು ಕೇಳಿ, ತಿಳಿದು, ಹೌದೆಂದೋ ಅಲ್ಲವೆಂದೋ ಹೇಳುತ್ತಾರೆ.

ಜೀವಗಳು ಪರಸ್ಪರ ಉಪಕಾರದಿಂದ ಬಾಳುತ್ತವೆ ಎಂಬ ಮಾತನ್ನು ನಾವು ನಮ್ಮ ಲಾಂಛನದ ಕೆಳಗೆ ಬರೆಸಿಕೊಂಡಿದ್ದೇವೆ. ಪರಸ್ಪರ ಎಂದ ಮೇಲೆ ಕೊಡುವವರು ಯಾವಾಗಲೂ ನಾವೇ, ಪಡೆಯುವವರು ಯಾವಾಗಲೂ ಅವರೇ ಎಂದಾಗದು. ಕಾಡಂಚಿನ ಜ್ವರದ ರೋಗಿಯು 1990ರ ದಶಕದಲ್ಲಿ ಕೊಟ್ಟದ್ದರ ಋಣ ಇನ್ನೂ ತೀರಿಲ್ಲ. ಆ ಋಣವನ್ನು ಯಾವ ವಿಧಿಯಿಂದ ತೀರಿಸಬೇಕೆಂಬುದನ್ನು ಪ್ರತಿಯೊಂದು ಟ್ರಸ್ಟೂ ತನ್ನ ಮುಂದಿನ ವಾರ್ಷಿಕ ಸಭೆಯಲ್ಲಿ, ಆಯವ್ಯಯದ ಲೆಕ್ಕವನ್ನು ಮಂಡಿಸುವ ಮೊದಲು, ಒಂದಿಷ್ಟು ಹೊತ್ತು ಚರ್ಚಿಸಲೆಂದು ವಿನಂತಿ.